ನೇರಳೆ ಬಣ್ಣದ ಸಾಕ್ಷಿ

ನೇರಳೆಹಣ್ಣು ಕದ್ದು ತಿಂದ ಹುಡುಗನು ಎಷ್ಟು ಅಲ್ಲಗಳೆದರೇನು? ನಾಲಿಗೆಯೇ ಸಾಕ್ಷಿ ನುಡಿಯುತ್ತದೆ. ರಸಾಯನಶಾಲೆಯಲ್ಲಿಯೂ ಇಂತಹ ಒಂದು ನೇರಳೆ ಸಾಕ್ಷಿ ಉಂಟು. ಅದರ ಹೆಸರು ನಿನ್‌ಹೈಡ್ರಿನ್. ಈ ಪುಡಿಯನ್ನು ಕರಗಿಸಿ, ಸಸಾರಜನಕ, ಎಂದರೆ ಪ್ರೋಟೀನು, ಇರುವ ದ್ರವಕ್ಕೆ ಬೆರಸಿ ಕಾಯಿಸಿದರೆ ನೇರಳೆ ಬಣ್ಣ ಮೂಡುತ್ತದೆ. ಪ್ರೋಟೀನು ಒಡೆದು ಬರುವ ಅಮೈನೋ ಆಮ್ಲಗಳಲ್ಲಂತೂ ಬಣ್ಣ ಇನ್ನೂ ಗಾಢ.

ಇದನ್ನು ಕಂಡುಹಿಡಿದವನು ಸೀಗ್‌ಫ್ರೀಡ್ ರೂಹೆಮನ್. 1859ರಲ್ಲಿ ಪೂರ್ವ ಪ್ರಷ್ಯದಲ್ಲಿ ಹುಟ್ಟಿ, ಬರ್ಲಿನ್ನಿನಲ್ಲಿ ಓದಿ, 1885ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜಿಗೆ ಬಂದವನು. 1910ರಲ್ಲಿ ಆತ ತಯಾರಿಸಹೊರಟದ್ದು ಬೇರೊಂದು ವಸ್ತುವನ್ನು. ಕೈಗೆ ಬಂದದ್ದು ಇದು. ಬಯಸಿದ್ದು ಸಿಕ್ಕಲಿಲ್ಲವೆಂದು ಚೆಲ್ಲಿಬಿಡದೆ, ಸಿಕ್ಕಿದ್ದರ ಗುಣವೇನೆಂದು ಪರೀಕ್ಷಿಸಿದ್ದೇ ಆತನ ಹಿರಿಮೆ.

1914ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು. ಅದೇ ವರ್ಷ ಮಹಾಯುದ್ಧವೂ ಬಂತು. ಮೂವತ್ತು ವರ್ಷ ಪಾಠ ಹೇಳಿದ ಊರಿನಲ್ಲಿಯೇ ಆತ ಶತ್ರುದೇಶದವನಾದ. 1915ರಲ್ಲಿ ಹುದ್ದೆ ಬಿಡಬೇಕಾಯಿತು. ಯುದ್ಧ ಮುಗಿದ ಮೇಲೆ ಜರ್ಮನಿಗೆ ಮರಳಿದ. ಅಲ್ಲಿ ನಾತ್ಸಿಗಳ ಆಳ್ವಿಕೆ ಬಂದಾಗ, ಯೆಹೂದಿ ಮನೆತನದವನಾದ ಆತನಿಗೆ ಆ ನೆಲವೂ ತಪ್ಪಿತು. ಮುಪ್ಪಿನಲ್ಲಿ ಮತ್ತೆ ಇಂಗ್ಲೆಂಡಿಗೆ ಬಂದು, 1943ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ.

ಇತ್ತ ಆತನ ಕಾರಕಕ್ಕೆ ಒಂದು ಕೊರತೆಯಿತ್ತು. ಅದು ಅಮೈನೋ ಆಮ್ಲವನ್ನು ಒಡೆದು, ಅದರ ಸಾರಜನಕವನ್ನು ಮಾತ್ರ ಹಿಡಿದುಕೊಂಡು ಬಣ್ಣವಾಗುತ್ತದೆ. ಉಳಿದ ಭಾಗ ಬೇರೆಯಾಗಿ ಹೋಗುತ್ತದೆ. ಆದ್ದರಿಂದ ಆಮ್ಲ ಯಾವುದೇ ಇರಲಿ, ಬಹುಮಟ್ಟಿಗೆ ಬಣ್ಣ ಒಂದೇ. ಪ್ರೋಲೀನ್ ಒಂದು ಹಳದಿ ತೋರಿಸಿ ಬೇರೆಯಾಗಿ ನಿಲ್ಲುತ್ತದೆ. ಇದೆ ಎಂದು ಹೇಳಬಲ್ಲ ಸಾಕ್ಷಿ, ಯಾರೆಂದು ಹೇಳಲಾರದು!

ರೂಹೆಮನ್ ತೀರಿಕೊಂಡ ಮರುವರ್ಷವೇ, 1944ರಲ್ಲಿ, ಕಾನ್ಸ್‌ಡನ್, ಗಾರ್ಡನ್, ಮಾರ್ಟಿನ್ ಎಂಬವರು ಈ ಕೊರತೆಯನ್ನು ನೀಗಿಸಿದರು. ಸೋಸುಕಾಗದದ ಮೇಲೆ ಮಿಶ್ರಣದ ತೊಟ್ಟಿಟ್ಟು ದ್ರವವನ್ನು ಹರಿಯಬಿಟ್ಟರೆ, ಒಂದೊಂದು ಆಮ್ಲವೂ ತನ್ನದೇ ವೇಗದಲ್ಲಿ ಸಾಗಿ ಬೇರೆ ಬೇರೆ ಕಡೆ ನಿಲ್ಲುತ್ತದೆ. ಆದರೆ ಕಣ್ಣಿಗೆ ಏನೂ ಕಾಣದು. ನಿನ್‌ಹೈಡ್ರಿನ್ ಸಿಂಪಡಿಸಿ ಕಾಯಿಸಿದೊಡನೆ ನೇರಳೆಯ ಚುಕ್ಕೆಗಳು ಎದ್ದುಬರುತ್ತವೆ. ನಿಂತ ಸ್ಥಳವೇ ಹೆಸರನ್ನು ಹೇಳುತ್ತದೆ.

ನಮ್ಮ ಬೆಂಗಳೂರಿಗೂ ಇದರಲ್ಲಿ ಪಾಲುಂಟು. ಟಾಟಾ ಇನ್‌ಸ್ಟಿಟ್ಯೂಟ್ ಎಂದು ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಕೆ. ವಿ. ಗಿರಿಯವರೂ ಎನ್. ಎ. ಎನ್. ರಾವ್ ಅವರೂ ದ್ರವವನ್ನು ಕಾಗದದ ನಡುವಿನಿಂದ ಸುತ್ತಲೂ ಹರಡುವ ಕ್ರಮವನ್ನು ರೂಢಿಸಿ, 1952ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಗ ಚುಕ್ಕೆಗಳ ಬದಲು, ಕೆರೆಗೆ ಕಲ್ಲೆಸೆದಾಗ ಏಳುವ ಅಲೆಗಳಂತೆ, ಬಳೆಬಳೆಯಾಗಿ ಬಣ್ಣ ಮೂಡುತ್ತದೆ.

ಇನ್ನೊಂದು ಸಂಗತಿ. ಈ ಕಾರಕ ತಾಗಿದರೆ ಬೆರಳೂ ನೇರಳೆಯಾಗುತ್ತದೆ. ಬೆವರಿನಲ್ಲಿಯೂ ಅಮೈನೋ ಆಮ್ಲಗಳಿವೆಯಲ್ಲ! ಆದರೂ ಕಾಗದದ ಮೇಲಿನ ಕಾಣದ ಬೆರಳಚ್ಚನ್ನು ಇದರಿಂದ ಎಬ್ಬಿಸಬಹುದೆಂದು ಸ್ವೀಡನ್ನಿನ ಓಡೆನ್ ಮತ್ತು ಫಾನ್ ಹಾಫ್‌ಸ್ಟೆನ್ ತೋರಿಸಿದ್ದು 1954ರಲ್ಲಿ, ನಲವತ್ತನಾಲ್ಕು ವರ್ಷ ಕಳೆದ ಮೇಲೆ. ಇಂದಿಗೂ ಪತ್ತೇದಾರಿಕೆಯಲ್ಲಿ ಈ ಉಪಾಯ ಬಳಕೆಯಲ್ಲಿದೆ.

ರಸಾಯನಜ್ಞರು ಈ ಬಣ್ಣವನ್ನು ‘ರೂಹೆಮನ್ನನ ನೇರಳೆ’ ಎಂದು ಕರೆಯುತ್ತಾರೆ. ಎರಡು ದೇಶಗಳೂ ಆ ಮನುಷ್ಯನನ್ನು ಹೊರಗಿನವನೆಂದವು. ಬಣ್ಣ ಮಾತ್ರ ಆತನ ಹೆಸರನ್ನು ಬಿಟ್ಟುಕೊಡಲಿಲ್ಲ.