ರಮ್‌ಫೋರ್ಡ್ ಸೂಪು: ಮಂದವಾದದ್ದೆಲ್ಲ ಪುಷ್ಟಿಕರವೇ?

ಕೌಂಟ್ ರಮ್‌ಫೋರ್ಡ್ ಎಂದೊಡನೆ ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ನೆನಪಾಗುವುದು ಫಿರಂಗಿ. ಮ್ಯೂನಿಕ್ ನಗರದ ಶಸ್ತ್ರಾಗಾರದಲ್ಲಿ ಕುದುರೆಗಳ ಬಲದಿಂದ ಫಿರಂಗಿಯ ಲೋಹವನ್ನು ಕೊರೆಯುವಾಗ ಹುಟ್ಟುವ ಉಷ್ಣದಿಂದಲೇ, ಬೆಂಕಿಯ ನೆರವಿಲ್ಲದೆ, ಎರಡೂವರೆ ಗಂಟೆಯಲ್ಲಿ ನೀರನ್ನು ಕುದಿಸಿ ತೋರಿಸಿದವನು ಆತ. ಉಷ್ಣವೆಂಬುದು ‘ಕ್ಯಾಲೊರಿಕ್’ ಎಂಬ ದ್ರವವಲ್ಲ, ಅದು ಚಲನೆಯ ಒಂದು ರೂಪ ಎಂಬ ವಾದಕ್ಕೆ 1798ರಲ್ಲಿ ಪ್ರಕಟವಾದ ಈ ಪ್ರಯೋಗ ದೊಡ್ಡ ಬಲ ತಂದುಕೊಟ್ಟಿತು. ಇಷ್ಟು ನಮ್ಮ ಪಠ್ಯಪುಸ್ತಕಗಳಲ್ಲಿದೆ. ಆದರೆ ಅಂದಿನ ಯುರೋಪಿನ ಬಡಜನರಿಗೆ ರಮ್‌ಫೋರ್ಡನ ಹೆಸರು ತಲುಪಿದ್ದು ಫಿರಂಗಿಯ ಮೂಲಕವಲ್ಲ, ಚಳಿಗಾಲದಲ್ಲಿ ಕೈಗೆ ಬಂದ ಒಂದು ಬಟ್ಟಲು ಬಿಸಿ ಸೂಪಿನ ಮೂಲಕ. ಜರ್ಮನ್ ಭಾಷೆಯಲ್ಲಿ ‘ರಮ್‌ಫೋರ್ಡ್ ಸೂಪು’ ಎಂಬ ಪದ ಇಂದಿಗೂ ಉಳಿದಿದೆ.

ಹಾಲಿನ ಕೆನೆ ಒಂದು ಹನಿಯೂ ಇಲ್ಲದೆ ಕೆನೆಯಷ್ಟೇ ಮಂದವಾಗಿ, ನುಣುಪಾಗಿ ಇರುತ್ತಿದ್ದ ಸೂಪು ಅದು. ಆ ಮಂದತೆಯ ಬಗ್ಗೆ ರಮ್‌ಫೋರ್ಡ್ ಎರಡು ವಿವರಣೆಗಳನ್ನು ಕೊಟ್ಟ. ಒಂದು ಬಹುಮಟ್ಟಿಗೆ ಸರಿ, ಇನ್ನೊಂದು ಪೂರ್ತಿ ತಪ್ಪು. ತಪ್ಪಾದ ವಿವರಣೆಗೂ ಹಸಿದವರ ಹೊಟ್ಟೆಗೂ ನೇರ ಸಂಬಂಧವಿದ್ದುದರಿಂದ ಈ ಸೂಪಿನ ಚರಿತ್ರೆಯನ್ನು ಸ್ವಲ್ಪ ವಿವರವಾಗಿ ನೋಡುವುದು ಒಳ್ಳೆಯದು.

ರಮ್‌ಫೋರ್ಡನ ಮೂಲ ಹೆಸರು ಬೆಂಜಮಿನ್ ಥಾಂಪ್ಸನ್. ಹುಟ್ಟಿದ್ದು 1753ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ. ಅಮೆರಿಕದ ಸ್ವಾತಂತ್ರ್ಯ ಸಮರದಲ್ಲಿ ಬ್ರಿಟಿಷರ ಪಕ್ಷ ವಹಿಸಿ ಊರು ಬಿಡಬೇಕಾಯಿತು. ಮುಂದೆ ಬವೇರಿಯದ ಅರಸ ಕಾರ್ಲ್ ಥಿಯೊಡೋರನ ಸೇವೆಗೆ ಸೇರಿ, ಅಲ್ಲಿನ ಸೈನ್ಯದ ಸುಧಾರಣೆಯ ಹೊಣೆ ಹೊತ್ತ. ಆಗ ಸುಮಾರು 60,000 ಜನರಿದ್ದ ರಾಜಧಾನಿ ಮ್ಯೂನಿಕ್‌ನಲ್ಲಿ ಭಿಕ್ಷುಕರ ಕಾಟ ವಿಪರೀತವಾಗಿತ್ತು. 1790ರ ಜನವರಿ 1ರಂದು, ಹೊಸ ವರ್ಷದ ಭಿಕ್ಷೆಗೆಂದು ಎಲ್ಲರೂ ಬೀದಿಗಿಳಿಯುವ ದಿನವೇ, ಆತ ಸೈನಿಕರನ್ನೂ ನಗರದ ಅಧಿಕಾರಿಗಳನ್ನೂ ಜತೆಗೆ ಕರೆದುಕೊಂಡು ಹೊರಟು ಮೊದಲ ಭಿಕ್ಷುಕನನ್ನು ತಾನೇ ಹಿಡಿದ. ಒಂದು ವಾರದೊಳಗೆ 2,600 ಮಂದಿಯ ಹೆಸರು ದಾಖಲಾಯಿತು. ಅವರಿಗೆ ನೂಲುವ, ನೇಯುವ ಕೆಲಸ ಕೊಟ್ಟು ಸೈನಿಕರ ಬಟ್ಟೆ ತಯಾರಿಸುವುದು, ಮಧ್ಯಾಹ್ನ ಬಿಸಿ ಊಟ ಹಾಕುವುದು ಆತನ ಯೋಜನೆ. ಬಡವರನ್ನು ಹೀಗೆ ಹಿಡಿದು ತಂದು ದುಡಿಸುವುದು ಇಂದು ನಮಗೆ ಒಪ್ಪಿಗೆಯಾಗುವ ಮಾತಲ್ಲ. ಆದರೂ ಬೆಚ್ಚಗಿನ ಕೋಣೆ, ಕೂಲಿ, ಊಟ ಅಲ್ಲಿ ಸಿಕ್ಕಿದ್ದು ನಿಜ.

ದಿನಕ್ಕೆ ಸಾವಿರ, ಸಾವಿರದಿನ್ನೂರು ಜನಕ್ಕೆ ಅತಿ ಕಡಿಮೆ ಖರ್ಚಿನಲ್ಲಿ ಅಡುಗೆ ಮಾಡುವುದು ಹೇಗೆ? ಇದನ್ನು ರಮ್‌ಫೋರ್ಡ್ ಒಂದು ಪ್ರಯೋಗವೆಂದೇ ಭಾವಿಸಿದ. ತೂಕ, ಅಳತೆ, ಬೆಲೆ, ಉರಿಸಿದ ಸೌದೆ ಎಲ್ಲವನ್ನೂ ಬರೆದಿಟ್ಟ. 1796ರಲ್ಲಿ ಪ್ರಕಟಿಸಿದ ಆಹಾರದ ಮೇಲಿನ ಪ್ರಬಂಧದಲ್ಲಿ ಈ ಲೆಕ್ಕವೆಲ್ಲ ಸಿಗುತ್ತದೆ. ಮೊದಲನೆಯ ಬಗೆಯ ಸೂಪಿಗೆ ಸಿಪ್ಪೆ ತೆಗೆದ ಬಾರ್ಲಿ (ಜವೆಗೋಧಿ), ಒಣ ಬಟಾಣಿ, ಉಪ್ಪು, ಹುಳಿಯಾದ ಬಿಯರಿನ ವಿನೆಗರ್, ಒಣಗಿದ ಬ್ರೆಡ್ಡಿನ ಚೂರು, ನೀರು. ಎರಡನೆಯ ಬಗೆಯಲ್ಲಿ ಬಾರ್ಲಿಯನ್ನೂ ಬಟಾಣಿಯನ್ನೂ ಅರ್ಧಕ್ಕಿಳಿಸಿ ಆಲೂಗಡ್ಡೆ ಸೇರಿಸಿದ.

ಮಾಡುವ ಕ್ರಮವನ್ನೂ ಆತ ನಿಗದಿ ಮಾಡಿದ್ದ. ನೀರು, ಬಾರ್ಲಿ ಎರಡನ್ನೂ ಹಂಡೆಗೆ ಹಾಕಿ ಕುದಿ ಬರಿಸಬೇಕು. ಬಟಾಣಿ ಹಾಕಿ ಎರಡು ಗಂಟೆ ಸಣ್ಣ ಉರಿಯಲ್ಲಿ ಬೇಯಿಸಬೇಕು. ಆಮೇಲೆ ಸಿಪ್ಪೆ ಸುಲಿದ ಆಲೂಗಡ್ಡೆ ಹಾಕಿ ಇನ್ನೊಂದು ಗಂಟೆ, ಮರದ ಸೌಟಿನಿಂದ ತೊಳಸುತ್ತಾ, ಎಲ್ಲವೂ ಒಂದೇ ಸಮನಾದ ಮುದ್ದೆಯಾಗುವ ತನಕ ಬೇಯಿಸಬೇಕು. ಉಪ್ಪು, ವಿನೆಗರ್ ಕೊನೆಗೆ. ಬಡಿಸುವ ಗಳಿಗೆಯಲ್ಲಿ ಬ್ರೆಡ್ಡಿನ ಚೂರು. ಬ್ರೆಡ್ಡು ಗಟ್ಟಿಯಾಗಿದ್ದಷ್ಟೂ ಒಳ್ಳೆಯದು, ಅಗಿಯುವುದು ತಡವಾಗಿ ಊಟದ ಸುಖ ಹೆಚ್ಚು ಹೊತ್ತು ಇರುತ್ತದೆ ಎಂಬುದು ಆತನ ಅಭಿಪ್ರಾಯ!

ಹುಳಿಯನ್ನು ಕೊನೆಗೆ ಹಾಕುವುದು ನಮ್ಮ ಮನೆಗಳಲ್ಲೂ ಇರುವ ಕ್ರಮವೇ. ಬೇಳೆ ಬೇಯುವ ಮೊದಲು ಹುಣಸೆಹುಳಿ ಬಿದ್ದರೆ ಬೇಳೆ ಬೇಯುವುದಿಲ್ಲವೆಂದು ಎಲ್ಲ ಅಡುಗೆಯವರಿಗೂ ಗೊತ್ತು. ಕಾಳಿನ ಜೀವಕೋಶಗಳನ್ನು ಒಂದಕ್ಕೊಂದು ಅಂಟಿಸಿರುವ ಪೆಕ್ಟಿನ್ ಆಮ್ಲೀಯ ನೀರಿನಲ್ಲಿ ಸುಲಭವಾಗಿ ಕರಗದು. ಅಲ್ಲದೆ ಆಮ್ಲದೊಡನೆ ಬಹಳ ಹೊತ್ತು ಕುದಿದರೆ ಪಿಷ್ಟದ ಉದ್ದ ಸರಪಳಿಗಳು ತುಂಡಾಗಿ ಸೂಪು ತೆಳುವಾಗುತ್ತದೆ.

ಆಲೂಗಡ್ಡೆ ಸೇರಿಸಿದ್ದರ ಹಿಂದೆ ಒಂದು ತಮಾಷೆಯ ಕತೆಯಿದೆ. ಆಗ ಬವೇರಿಯದಲ್ಲಿ ಅದು ಮನುಷ್ಯರಿಗೆ ತಕ್ಕ ಆಹಾರವೆಂಬ ನಂಬಿಕೆ ಇರಲಿಲ್ಲ. ರಮ್‌ಫೋರ್ಡ್ ಆಲೂಗಡ್ಡೆಯನ್ನು ಯಾರ ಕಣ್ಣಿಗೂ ಬೀಳದಂತೆ ಬೇರೆ ಕೋಣೆಯಲ್ಲಿ, ಆಕಾರವೇ ಉಳಿಯದಂತೆ ಬೇಯಿಸಿ ಸೂಪಿಗೆ ಬೆರೆಸಿಸಿದ. ಸೂಪಿನ ರುಚಿ ಹೆಚ್ಚಿತೆಂದು ಉಂಡವರು ಹೊಗಳಿದ ಮೇಲೆ ಗುಟ್ಟು ಬಿಟ್ಟುಕೊಟ್ಟ.

ಇನ್ನು ಸರಿಯಾದ ವಿವರಣೆಗೆ ಬರೋಣ. ಒಮ್ಮೆ ಪ್ರಯೋಗದಲ್ಲಿ ಮಗ್ನನಾಗಿದ್ದ ರಮ್‌ಫೋರ್ಡನ ಮುಂದೆ ಮಂದವಾದ ಅಕ್ಕಿಯ ಸೂಪನ್ನು ತಂದಿಟ್ಟರು. ಬಹಳ ಹೊತ್ತಿನ ಮೇಲೆ ಮೇಲುಭಾಗದಿಂದ ಒಂದು ಚಮಚ ತೆಗೆದುಕೊಂಡರೆ ತಣ್ಣಗಿತ್ತು. ಎರಡನೆಯ ಚಮಚ ಆಳದಿಂದ ಬಂತು, ಬಾಯಿ ಸುಟ್ಟಿತು. ಬೇಯಿಸಿದ ಸೇಬಿನಲ್ಲೂ ಇದೇ ಅನುಭವ. ಹೆಚ್ಚಿನ ಪಾಲು ನೀರೇ ಇರುವ ಈ ಪದಾರ್ಥಗಳು ನೀರಿನಂತೆ ಬೇಗ ಏಕೆ ಆರುವುದಿಲ್ಲ? ಬರಿ ನೀರು, ಸ್ವಲ್ಪ ಪಿಷ್ಟ ಬೆರೆಸಿದ ನೀರು, ಹಕ್ಕಿಯ ತುಪ್ಪುಳ ಸೇರಿಸಿದ ನೀರು, ಬೆಂದ ಸೇಬು ಇವುಗಳಲ್ಲಿ ಉಷ್ಣ ಎಷ್ಟು ಬೇಗ ಹರಡುತ್ತದೆಂದು ಆತ ಅಳೆದ. ಬೆರಕೆಯಿದ್ದ ನೀರಿನಲ್ಲೆಲ್ಲ ಉಷ್ಣದ ಸಂಚಾರ ನಿಧಾನವಾಗಿತ್ತು. ಬಿಸಿಯಾದ ದ್ರವ ಮೇಲೇರಿ ತಣ್ಣಗಿನದು ಕೆಳಗಿಳಿಯುವ ಪ್ರವಾಹಗಳೇ ದ್ರವದಲ್ಲಿ ಉಷ್ಣವನ್ನು ಸಾಗಿಸುತ್ತವೆ, ಪಿಷ್ಟವೋ ತುಪ್ಪುಳವೋ ಆ ಪ್ರವಾಹಕ್ಕೆ ಅಡ್ಡಿಯಾಗುತ್ತದೆ ಎಂದು ತೀರ್ಮಾನಿಸಿದ. ಇಂದು ನಾವು ತರಗತಿಯಲ್ಲಿ ಕಲಿಸುವ ಉಷ್ಣ ಸಂವಹನವೇ ಇದು. ದ್ರವಗಳಲ್ಲಿ ಉಷ್ಣದ ವಹನ ಇಲ್ಲವೇ ಇಲ್ಲ ಎಂದು ಹೇಳಿ ಆತ ಒಂದು ಹೆಜ್ಜೆ ಹೆಚ್ಚು ಇಟ್ಟದ್ದೇನೋ ಹೌದು. ಅದನ್ನು ಮುಂದಿನವರು ತಿದ್ದಿದರು.

ಶಿಕ್ಷಕರು ಇದನ್ನು ಸುಲಭವಾಗಿ ಮಾಡಿ ತೋರಿಸಬಹುದು. ಒಂದೇ ಬಗೆಯ ಎರಡು ಲೋಟ ತೆಗೆದುಕೊಳ್ಳಿ. ಒಂದರಲ್ಲಿ ಬಿಸಿನೀರು, ಇನ್ನೊಂದರಲ್ಲಿ ಅಷ್ಟೇ ಬಿಸಿಯ, ಅಷ್ಟೇ ಪ್ರಮಾಣದ ಮಂದವಾದ ರಾಗಿ ಗಂಜಿ ಇರಲಿ. ಎರಡರ ನಡುಭಾಗಕ್ಕೂ ಉಷ್ಣಮಾಪಕ ಇಳಿಬಿಟ್ಟು ಎರಡೆರಡು ನಿಮಿಷಕ್ಕೊಮ್ಮೆ ಗುರುತು ಹಾಕಿಕೊಂಡರೆ ಸಾಕು. ಪಿಷ್ಟದ ಕಣಗಳು ಸುಮಾರು 60-70 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರು ಹೀರಿ ಹಲವು ಪಟ್ಟು ಉಬ್ಬುತ್ತವೆ. ಅವುಗಳಿಂದ ಹೊರಬಂದ ಉದ್ದನೆಯ ಅಣುಗಳು ಉಳಿದ ನೀರಿನ ಓಡಾಟವನ್ನೂ ಕಟ್ಟಿಹಾಕುತ್ತವೆ. ಗಂಜಿ ಮಂದವಾಗುವುದೂ ಬಹಳ ಹೊತ್ತು ಬಿಸಿಯಾಗಿರುವುದೂ ಹೀಗೆ. ಚಳಿಯಲ್ಲಿ ಮಂದ ಸೂಪು ಹಿತವೆನಿಸಲು ಇದೊಂದು ಕಾರಣ.

ಮಂದತೆಯ ಎರಡನೆಯ ವಿವರಣೆಯಲ್ಲಿ ಆತ ಎಡವಿದ. ಇಷ್ಟು ಕಡಿಮೆ ಘನಾಹಾರದಿಂದ ಇಷ್ಟು ಜನ ತೃಪ್ತರಾಗುವುದನ್ನು ಕಂಡು, ಸೂಪಿನಲ್ಲಿರುವ ನೀರೇ ಆಹಾರವಾಗುತ್ತಿರಬೇಕು ಎಂದು ಊಹಿಸಿದ. ಇದು ಆ ಕಾಲಕ್ಕೆ ಅಸಂಬದ್ಧ ಊಹೆಯಾಗಿರಲಿಲ್ಲ. ನೀರು ಮೂಲವಸ್ತುವಲ್ಲ, ಅದು ಎರಡು ಅನಿಲಗಳ ಸಂಯುಕ್ತ ಎಂದು ಕ್ಯಾವೆಂಡಿಷ್, ಲಾವಾಸಿಯೆ ಮೊದಲಾದವರ ಪ್ರಯೋಗಗಳಿಂದ 1780ರ ದಶಕದಲ್ಲಷ್ಟೇ ತಿಳಿದಿತ್ತು. ಸಸ್ಯಗಳು ನೀರನ್ನು ವಿಭಜಿಸಿ ಬೆಳೆಯುತ್ತವೆಂಬ ಮಾತೂ ಕೇಳಿಬರುತ್ತಿತ್ತು. ಹಾಗಿದ್ದರೆ ಮನುಷ್ಯನ ಜಠರವೂ ನೀರನ್ನು ವಿಭಜಿಸಬಾರದೇಕೆ? ಬಾರ್ಲಿ ಬಹಳಷ್ಟು ನೀರನ್ನು ಮಂದಗೊಳಿಸಿ ಅದನ್ನು ಈ ವಿಭಜನೆಗೆ ಸಿದ್ಧಪಡಿಸುತ್ತದೆ ಎಂಬುದು ಆತನ ತರ್ಕ. ಸೂಪಿನ ಗುಣ ಅದರಲ್ಲಿರುವ ಘನಾಹಾರದ ಪ್ರಮಾಣಕ್ಕಿಂತ ಹೆಚ್ಚಾಗಿ ಸಾಮಗ್ರಿಯ ಆಯ್ಕೆಯನ್ನೂ ಉರಿಯ ಹದವನ್ನೂ ಅವಲಂಬಿಸಿದೆ ಎಂದೂ ಬರೆದ. ರುಚಿಯ ಮಟ್ಟಿಗೆ ಈ ಮಾತು ಸರಿ, ಪುಷ್ಟಿಯ ಮಟ್ಟಿಗೆ ಅಲ್ಲ.

ಆತನ ಅಂಕಿಗಳನ್ನೇ ಇಟ್ಟುಕೊಂಡು ಈಗಿನ ಲೆಕ್ಕ ಹಾಕಿ ನೋಡೋಣ. ಒಬ್ಬರ ಪಾಲು ಸುಮಾರು 560 ಗ್ರಾಂ ಸೂಪು. ಮೊದಲನೆಯ ಬಗೆಯಲ್ಲಿ ಒಬ್ಬರಿಗೆ ಬಾರ್ಲಿ ಸುಮಾರು 53 ಗ್ರಾಂ, ಬಟಾಣಿ 50 ಗ್ರಾಂ, ಬ್ರೆಡ್ಡು 26 ಗ್ರಾಂ ಸಲ್ಲುತ್ತದೆ. ಅಂದರೆ ಸುಮಾರು 425 ಕಿಲೊಕ್ಯಾಲೊರಿ, 19 ಗ್ರಾಂ ಪ್ರೋಟೀನು. ಎರಡನೆಯದರಲ್ಲಿ ಬಾರ್ಲಿ 27 ಗ್ರಾಂ, ಬಟಾಣಿ 25 ಗ್ರಾಂ, ಆಲೂಗಡ್ಡೆ 87 ಗ್ರಾಂ, ಬ್ರೆಡ್ಡು ಮೊದಲಿನಷ್ಟೇ. ಇದರಿಂದ ಸಿಗುವುದು ಸುಮಾರು 315 ಕಿಲೊಕ್ಯಾಲೊರಿ, 12 ಗ್ರಾಂ ಪ್ರೋಟೀನು. ಆಲೂಗಡ್ಡೆಯಲ್ಲಿ ನಾಲ್ಕು ಪಾಲಿಗೆ ಮೂರು ಪಾಲಿಗಿಂತ ಹೆಚ್ಚು ನೀರೇ ಇದೆಯಲ್ಲ! ಸೂಪು ಅಗ್ಗವಾಯಿತು, ಬಟ್ಟಲಿನ ತೂಕ ಇಳಿಯಲಿಲ್ಲ, ಮಂದತೆಯೂ ಉಳಿಯಿತು. ಆದರೆ ಆಹಾರದ ಮೌಲ್ಯ ಕಾಲು ಭಾಗ ಕುಸಿಯಿತು. ದಿನವಿಡೀ ನೂಲುವ ವಯಸ್ಕರಿಗೆ ಬೇಕಾಗುವುದು 2,000 ಕಿಲೊಕ್ಯಾಲೊರಿಗೂ ಮೇಲೆ.

ಹಾಗಾದರೆ ಅವರೆಲ್ಲ ಸೊರಗದೆ ಉಳಿದದ್ದು ಹೇಗೆ? ಉತ್ತರ ರಮ್‌ಫೋರ್ಡನ ಬರಹದಲ್ಲೇ ಇದೆ. ಸೂಪಿನ ಜತೆಗೆ ಒಬ್ಬೊಬ್ಬರಿಗೂ ಏಳು ಔನ್ಸ್, ಅಂದರೆ ಸುಮಾರು 200 ಗ್ರಾಂ, ರೈ ಧಾನ್ಯದ ಬ್ರೆಡ್ಡು ಕೊಡುತ್ತಿದ್ದರು. ಅದನ್ನು ಬಹಳ ಮಂದಿ ಜೇಬಿಗೆ ಹಾಕಿಕೊಂಡು ಮನೆಗೆ ಒಯ್ಯುತ್ತಿದ್ದರು. ಆ ಬ್ರೆಡ್ಡಿನಲ್ಲಿದ್ದ ಶಕ್ತಿ ಸುಮಾರು 500 ಕಿಲೊಕ್ಯಾಲೊರಿ, ಬಟ್ಟಲಿನ ಸೂಪಿಗಿಂತ ಹೆಚ್ಚು! ಉಳಿದದ್ದು ಕೂಲಿಯ ಹಣದಿಂದ ಕೊಂಡದ್ದಿರಬೇಕು. ಇಷ್ಟೆಲ್ಲ ತೂಗಿ ಅಳೆದವನ ದೃಷ್ಟಿ ಸೂಪಿನ ಹಂಡೆಯನ್ನು ಬಿಟ್ಟು ಕದಲಲಿಲ್ಲ.

ಇಲ್ಲೊಂದು ಸೋಜಿಗವಿದೆ. ಫಿರಂಗಿಯ ಪ್ರಬಂಧದಲ್ಲಿ ಆತ ಹೇಳುತ್ತಾನೆ: ಕುದುರೆಯ ದುಡಿಮೆಯಿಂದ ಅಡುಗೆಗೆ ಬೇಕಾದ ಉಷ್ಣವನ್ನು ಪಡೆಯಬಹುದು, ಆದರೆ ಕುದುರೆಗೆ ಹಾಕುವ ಮೇವನ್ನೇ ಉರಿಸಿದರೆ ಅದಕ್ಕಿಂತ ಹೆಚ್ಚು ಉಷ್ಣ ಸಿಗುತ್ತದೆ. ಮೇವು ಇಂಧನ ಎಂಬುದು ಹೊಳೆದವನಿಗೆ ಬಾರ್ಲಿಯೂ ಇಂಧನ, ಉರಿಯದ ನೀರು ಇಂಧನವಲ್ಲ ಎಂಬುದು ಹೊಳೆಯಲಿಲ್ಲ. ಶಕ್ತಿಯ ಸಂರಕ್ಷಣೆಯ ನಿಯಮ ರೂಪುಗೊಳ್ಳಲು ಇನ್ನೂ ಅರ್ಧ ಶತಮಾನ ಬೇಕಿತ್ತು. ಆಹಾರಗಳ ಕ್ಯಾಲೊರಿ ಪಟ್ಟಿಗಳು ಬಂದದ್ದು ಅದಕ್ಕೂ ಎಷ್ಟೋ ವರ್ಷಗಳ ನಂತರ.

ಸೂಪು ಮಾತ್ರ ಕಾಯದೆ ಹರಡಿತು. 1800ರ ಸುಮಾರಿಗೆ ಲಂಡನ್, ಪ್ಯಾರಿಸ್ ಮತ್ತಿತರ ನಗರಗಳಲ್ಲಿ ರಮ್‌ಫೋರ್ಡ್ ಮಾದರಿಯ ಸೂಪಿನ ಅಡುಗೆಮನೆಗಳು ಎದ್ದವು. ಪ್ಯಾರಿಸ್‌ನಲ್ಲಿ ಮೂಳೆಯಿಂದ ತೆಗೆದ ಜೆಲಟಿನ್ನಿನ ಸೂಪನ್ನು ಆಸ್ಪತ್ರೆಗಳಲ್ಲಿ ಕೊಡತೊಡಗಿದರು. ಅದೂ ಮಂದ, ಅದೂ ಅಗ್ಗ. ಬರೇ ಜೆಲಟಿನ್ ತಿಂದ ನಾಯಿಗಳು ಬದುಕುವುದಿಲ್ಲವೆಂದು ಶರೀರಕ್ರಿಯಾ ವಿಜ್ಞಾನಿ ಮಜಾಂಡಿ ನೇತೃತ್ವದ ಸಮಿತಿ ವರದಿ ಮಾಡಿದ್ದು 1841ರಲ್ಲಿ.

1847ರಲ್ಲಿ ಐರ್ಲೆಂಡಿನಲ್ಲಿ ಆಲೂಗಡ್ಡೆಯ ಬೆಳೆ ಕೊಳೆತು ಜನ ಸಾಯುತ್ತಿದ್ದಾಗ ಇದೇ ಪ್ರಶ್ನೆ ಮತ್ತೆ ಎದ್ದಿತು. ಲಂಡನ್ನಿನ ರಿಫಾರ್ಮ್ ಕ್ಲಬ್ಬಿನ ಹೆಸರಾಂತ ಬಾಣಸಿಗ ಅಲೆಕ್ಸಿ ಸ್ವಾಯೆ ಡಬ್ಲಿನ್‌ಗೆ ಹೋಗಿ ಮಾದರಿ ಅಡುಗೆಮನೆ ತೆರೆದ. ಆತ ಪ್ರಕಟಿಸಿದ ಒಂದು ವಿಧಾನದಲ್ಲಿ ಎರಡು ಗ್ಯಾಲನ್, ಅಂದರೆ ಸುಮಾರು 9 ಲೀಟರ್ ನೀರಿಗೆ ಕಾಲು ಪೌಂಡು ಮಾಂಸ, ಎರಡು ಔನ್ಸ್ ಕೊಬ್ಬು, ಅರ್ಧ ಪೌಂಡು ಹಿಟ್ಟು, ಅರ್ಧ ಪೌಂಡು ಬಾರ್ಲಿ, ಒಂದಿಷ್ಟು ಈರುಳ್ಳಿ. ಲೆಕ್ಕ ಹಾಕಿದರೆ ಲೀಟರಿಗೆ 250 ಕಿಲೊಕ್ಯಾಲೊರಿ ಬರುತ್ತದೆ, ರಮ್‌ಫೋರ್ಡನ ಮೊದಲ ಸೂಪಿನ ಮೂರನೆಯ ಒಂದು ಭಾಗ. ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆ ಇದನ್ನು ಕಟುವಾಗಿ ಟೀಕಿಸಿತು. ಆ ಬೇಸಗೆಯಲ್ಲಿ ಸರ್ಕಾರದ ಸೂಪಿನ ಕೇಂದ್ರಗಳಲ್ಲಿ ದಿನಕ್ಕೆ 30 ಲಕ್ಷ ಜನರಿಗೆ ಆಹಾರ ಸಿಕ್ಕಿ ಅಸಂಖ್ಯ ಜೀವ ಉಳಿದದ್ದೂ ನಿಜ. ಆದರೆ ಅವುಗಳನ್ನು ಸೆಪ್ಟೆಂಬರ್ ಹೊತ್ತಿಗೆ ಮುಚ್ಚಿದರು. ಪ್ರವಾಹ ಬಂದಾಗ ತೆರೆಯುವ ಪರಿಹಾರ ಕೇಂದ್ರಗಳನ್ನು ನಮ್ಮ ಪತ್ರಿಕೆಗಳು ‘ಗಂಜಿ ಕೇಂದ್ರ’ ಎಂದೇ ಕರೆಯುತ್ತವೆ. ಅಲ್ಲಿಯೂ ಕೇಳಬೇಕಾದದ್ದು ಗಂಜಿ ಎಷ್ಟು ಮಂದವಾಗಿದೆ ಎಂದಲ್ಲ, ಅಕ್ಕಿ, ಬೇಳೆ ಎಷ್ಟು ಬಿದ್ದಿದೆ ಎಂದು.

ಮನೆಯಲ್ಲಿ ಈ ಸೂಪು ಮಾಡಿ ನೋಡುವವರಿಗೆ ನಾಲ್ಕು ಜನರ ಅಳತೆ ಹೀಗಿದೆ. ಎರಡನೆಯ ಬಗೆಯ ಪ್ರಕಾರ ಬಾರ್ಲಿ 100 ಗ್ರಾಂ, ಒಣ ಬಟಾಣಿ 100 ಗ್ರಾಂ, ಆಲೂಗಡ್ಡೆ 350 ಗ್ರಾಂ, ನೀರು ಒಂದೂವರೆ ಲೀಟರ್. ಬಟಾಣಿಯನ್ನು 200 ಗ್ರಾಮಿಗೆ ಏರಿಸಿ ಎಂಬುದು ನಮ್ಮ ಸಲಹೆ. ಆಗ ಕಳೆದುಹೋದ ಪ್ರೋಟೀನು ಹಿಂದಕ್ಕೆ ಬರುತ್ತದೆ. ಬಾರ್ಲಿ, ಬಟಾಣಿ ಎರಡನ್ನೂ ರಾತ್ರಿ ನೆನೆಹಾಕಿ, ಬೆಳಗ್ಗೆ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ. ಆಲೂಗಡ್ಡೆ ಹಾಕಿ, ತೆರೆದ ಪಾತ್ರೆಯಲ್ಲಿ ಸಣ್ಣ ಉರಿಯಲ್ಲಿ ಕರಗುವ ತನಕ ತೊಳಸಿ. ತಳ ಹಿಡಿಯದಂತೆ ನೋಡಿಕೊಳ್ಳಿ. ಸಂವಹನ ನಿಧಾನವಾದಾಗ ತಳದ ಪದರ ಅಲ್ಲೇ ನಿಂತು ಸೀಯುತ್ತದೆ. ರಮ್‌ಫೋರ್ಡನ ಅಳತೆಯ ಉಪ್ಪು ಒಬ್ಬರಿಗೆ 7 ಗ್ರಾಮಿಗೂ ಹೆಚ್ಚು. ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದರಿಂದ ನಾಲ್ವರಿಗೂ ಸೇರಿ ಒಂದೂವರೆ ಟೀಚಮಚ ಸಾಕು. ವಿನೆಗರ್ ಬದಲು ನಿಂಬೆರಸವನ್ನು, ಒಲೆಯಿಂದ ಇಳಿಸಿದ ಮೇಲೆ ಹಿಂಡಿ. ಒಣ ಬ್ರೆಡ್ಡಿನ ಚೂರುಗಳನ್ನು ಬಡಿಸುವಾಗ ಹಾಕಿ. ಮೊದಲ ಚಮಚವನ್ನು ಬಟ್ಟಲಿನ ಅಂಚಿನಿಂದ ತೆಗೆದುಕೊಳ್ಳಿ. ಮೇಲೆ ಆರಿದಂತೆ ಕಂಡರೂ ನಡುಭಾಗ ಬಾಯಿ ಸುಡುವಷ್ಟು ಬಿಸಿಯಾಗಿರುತ್ತದೆ.