ಪಿಯೋಲಾ ಮಾಡಿದ ತಪ್ಪೇನು?

ಸ್ವಲ್ಪ ಉದ್ದದ ಪೋಸ್ಟು. ಬಿಡುವಾದಾಗ ಓದಿ.

ಜಾತಿ ಮುಚ್ಚಿಟ್ಟುಕೊಂಡು ಬದುಕೋರೆಲ್ಲ ಸಮುದಾಯದ್ರೋಹಿಗಳು ಅಂತ ನಮ್ಮವರೇ ಕೆಲವರು ಆಗಾಗ ತೀರ್ಪು ಕೊಡ್ತಾರೆ. ಬಾಡಿಗೆ ಮನೆ ಸಿಗಲಿ ಅಂತ ಹೆಸರಿನ ತುದಿ ಕತ್ತರಿಸಿಕೊಂಡವರು, ಆಫೀಸಲ್ಲಿ ಊಟದ ಡಬ್ಬಿ ಮರೆಮಾಡಿ ತಿನ್ನೋರು, ಎಲ್ಲರೂ ಆ ಪಟ್ಟೀಲಿ. ಈ ಮಾತು ಬಂದಾಗಲೆಲ್ಲ ನನಗೆ 1934ರ ಒಂದು ಅಮೆರಿಕನ್ ಸಿನಿಮಾ ನೆನಪಾಗುತ್ತೆ: 'ಇಮಿಟೇಶನ್ ಆಫ್ ಲೈಫ್'. ಫ್ಯಾನಿ ಹರ್ಸ್ಟ್ ಎಂಬ ಬಿಳಿ ಲೇಖಕಿಯ ಕಾದಂಬರಿ, ಜಾನ್ ಸ್ಟಾಲ್ ನಿರ್ದೇಶನ.

ಕತೆ ಇಷ್ಟು. ಬೀ ಎಂಬ ಬಿಳಿ ವಿಧವೆಯ ಮನೆಗೆ ಡಿಲೈಲಾ ಎಂಬ ಕಪ್ಪು ಹೆಂಗಸು ಮಗಳು ಪಿಯೋಲಾಳನ್ನು ಕರ್ಕೊಂಡು ಕೆಲಸಕ್ಕೆ ಬರ್ತಾಳೆ. ಡಿಲೈಲಾಗೆ ಮನೆತನದ ಪ್ಯಾನ್‌ಕೇಕ್ ಹದ ಗೊತ್ತು. ನಮ್ಮ ದೋಸೆಯಂಥದ್ದೇ ಅನ್ಕೊಳ್ಳಿ. ಅದನ್ನಿಟ್ಟುಕೊಂಡು ಬೀ ಅಂಗಡಿ ತೆಗೀತಾಳೆ, ಆಮೇಲೆ ಹಿಟ್ಟಿನ ಪೊಟ್ಟಣದ ಕಂಪನಿ ಕಟ್ಟಿ ಶ್ರೀಮಂತಳಾಗ್ತಾಳೆ. ಪೊಟ್ಟಣದ ಮೇಲೆ ನಗೋ ಮುಖ ಡಿಲೈಲಾದು. ಪಾಲು? ನೂರಕ್ಕೆ ಇಪ್ಪತ್ತು. ಕೈ ಅವಳದು, ಹದ ಅವಳದು, ಮುಖವೂ ಅವಳದೇ, ಲೆಕ್ಕದಲ್ಲಿ ಮಾತ್ರ ಇಪ್ಪತ್ತು! ಅದನ್ನೂ ಅವಳು ಬೇಡ ಅಂತಾಳೆ; ನನಗೆ ಬೇರೆ ಮನೆ ಯಾಕೆ, ನಿಮ್ಮ ಸೇವೇಲೇ ಇರ್ತೀನಿ ಅನ್ನೋ ಧಾಟಿ. ಅವಳ ಬಾಯಲ್ಲಿ ಈ ಮಾತು ಇಟ್ಟವರು ಯಾರು ಅಂತ ಕೇಳ್ಕೋಬೇಕು. ಆಮೇಲೊಂದು ದೃಶ್ಯ ಇದೆ. ರಾತ್ರಿ ಇಬ್ಬರೂ ಮಲಗೋಕೆ ಹೊರಡ್ತಾರೆ. ಬೀ ಮೆಟ್ಟಿಲು ಹತ್ತುತಾಳೆ, ಡಿಲೈಲಾ ಅದೇ ಮನೆಯ ಮೆಟ್ಟಿಲು ಇಳೀತಾಳೆ. ಇಡೀ ಸಿನಿಮಾದಲ್ಲಿ ಅಷ್ಟು ನಿಜ ಹೇಳೋ ದೃಶ್ಯ ಇನ್ನೊಂದಿಲ್ಲ.

ಪಿಯೋಲಾ ನೋಡೋಕೆ ಬೆಳ್ಳಗಿದ್ದಾಳೆ. ಆದ್ರೆ ಅಮೆರಿಕದಲ್ಲಿ ಜನಾಂಗ ಅನ್ನೋದು ಚರ್ಮದ ಲೆಕ್ಕ ಆಗಿರಲಿಲ್ಲ, ಹುಟ್ಟಿನ ಲೆಕ್ಕ. (ನಮಗೆ ಇದನ್ನ ಬಿಡಿಸಿ ಹೇಳಬೇಕಾ?) ಎಂಟರಲ್ಲಿ ಏಳು ಪಾಲು ಬಿಳಿಯ ರಕ್ತದವನಾಗಿದ್ದ ಹೋಮರ್ ಪ್ಲೆಸಿ 1892ರಲ್ಲಿ ಬಿಳಿಯರ ರೈಲುಬೋಗಿಯಲ್ಲಿ ಕೂತಿದ್ದಕ್ಕೆ ಬಂಧನಕ್ಕೊಳಗಾದ. 1896ರಲ್ಲಿ ಸುಪ್ರೀಂ ಕೋರ್ಟೇ ಆ ಪ್ರತ್ಯೇಕ ಬೋಗಿಗೆ ಮೊಹರು ಒತ್ತಿತು.

ಮಳೆ ಬಂತು ಅಂತ ಡಿಲೈಲಾ ಮಗಳಿಗೆ ಬೂಟು ತಗೊಂಡು ಶಾಲೆಗೆ ಹೋಗ್ತಾಳೆ. ನಮ್ಮ ಕ್ಲಾಸಲ್ಲಿ ಕಪ್ಪು ಮಕ್ಕಳಿಲ್ಲ ಅಂತಾಳೆ ಟೀಚರು. ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡ ಹುಡುಗಿ ಎದ್ದು ಓಡ್ತಾಳೆ. ದೊಡ್ಡವಳಾದ ಮೇಲೆ ಬಿಳಿಯಳಾಗಿ ಹೋಟೆಲಿನ ಗಲ್ಲಾದಲ್ಲಿ ಕೂತಾಗ ತಾಯಿ ಹುಡುಕಿಕೊಂಡು ಬರ್ತಾಳೆ. ಈಕೆ ಯಾರೋ ನನಗೆ ಗೊತ್ತಿಲ್ಲ ಅಂತಾಳೆ ಮಗಳು. ಕೊನೆಗೆ ತಾಯಿ ಎದೆಯೊಡೆದು ಸಾಯ್ತಾಳೆ, ಮಗಳು ಶವಪೆಟ್ಟಿಗೆ ಮುಂದೆ ಗೋಳಾಡ್ತಾಳೆ.

ಜನ ಅತ್ತರು. ಅಳಿಸಿದ ರೀತಿ ನೋಡಿ. ತಪ್ಪೆಲ್ಲ ಮಗಳ ತಲೆ ಮೇಲೆ. ಟೀಚರಿಗೆ ಒಂದು ಪ್ರಶ್ನೆ ಇಲ್ಲ, ಕಪ್ಪು ಹುಡುಗಿಗೆ ಆ ಗಲ್ಲಾ ಯಾಕೆ ಸಿಗ್ತಿರಲಿಲ್ಲ ಅಂತ ಒಂದು ಮಾತಿಲ್ಲ. ಕಾನೂನಿನ ಅಪರಾಧ ತಾಯಿ-ಮಗಳ ಜಗಳ ಆಗಿಬಿಡ್ತು. ಕಪ್ಪು ಕವಿ, ವಿಮರ್ಶಕ ಸ್ಟರ್ಲಿಂಗ್ ಬ್ರೌನ್ 1935ರಲ್ಲೇ ಈ ಚಿತ್ರವನ್ನು ಕಟುವಾಗಿ ಟೀಕಿಸಿದ್ದರು. ಹರ್ಸ್ಟ್‌ಗೆ ಸಿಟ್ಟು ಬಂತು.

ನಮ್ಮ ಪಕ್ಕದ ಕೇರಳದ ಪಿ.ಕೆ. ರೋಸಿ ನೆನಪಿದೆಯಲ್ಲ? ಮಲಯಾಳಂನ ಮೊದಲ ಚಿತ್ರ 'ವಿಗತಕುಮಾರನ್'ನಲ್ಲಿ ನಾಯರ್ ಹೆಣ್ಣಿನ ಪಾತ್ರ ಮಾಡಿದ ದಲಿತ ಹೆಣ್ಣುಮಗಳು. ಅದಕ್ಕೇ ಮೇಲ್ಜಾತಿಯವರು ಊರು ಬಿಡಿಸಿದರು. ಆಕೆ ತಮಿಳುನಾಡಿಗೆ ಹೋಗಿ ಗುರುತು ಮುಚ್ಚಿಕೊಂಡು ಬದುಕಿದರು. ಅವರನ್ನ ದ್ರೋಹಿ ಅನ್ನೋ ಧೈರ್ಯ ನನಗಂತೂ ಇಲ್ಲ.

ಇನ್ನು ಪಿಯೋಲಾ ಪಾತ್ರ ಮಾಡಿದ ಫ್ರೆಡಿ ವಾಷಿಂಗ್ಟನ್ ವಿಷಯ. 1903ರಲ್ಲಿ ಜಾರ್ಜಿಯಾದಲ್ಲಿ ಹುಟ್ಟಿದ ಕಪ್ಪು ಹೆಣ್ಣುಮಗಳು, ನೀಲಿ-ಹಸಿರು ಕಣ್ಣು. ಬಿಳಿಯಳು ಅಂತ ಹೇಳ್ಕೊಂಡಿದ್ರೆ ಹಾಲಿವುಡ್ ತಲೆ ಮೇಲೆ ಹೊತ್ತು ಮೆರೆಸ್ತಿತ್ತು. ಹೇಳ್ಕೊಳ್ಳಲಿಲ್ಲ. 1933ರ 'ದಿ ಎಂಪರರ್ ಜೋನ್ಸ್'ನಲ್ಲಿ ಪಾಲ್ ರೋಬ್ಸನ್ ಜೊತೆಗಿನ ದೃಶ್ಯಗಳಿಗೆ ಅವಳ ಮುಖಕ್ಕೆ ಕಪ್ಪು ಬಣ್ಣ ಬಳಿದರು, ಕಪ್ಪು ಗಂಡಸಿನ ತೋಳಲ್ಲಿ ಬಿಳಿ ಹೆಣ್ಣಿದ್ದಾಳೆ ಅಂತ ಪ್ರೇಕ್ಷಕರು ತಿಳಿದುಬಿಟ್ಟಾರು ಅನ್ನೋ ಭಯಕ್ಕೆ! 'ಇಮಿಟೇಶನ್'ಗೂ ಸೆನ್ಸಾರ್ ನೋಡ್ಕೊಳ್ತಿದ್ದ ಜೋಸೆಫ್ ಬ್ರೀನ್ ಕಚೇರಿ ಆಕ್ಷೇಪ ಎತ್ತಿತ್ತು. ಕಪ್ಪು ತಾಯಿಗೆ ಬೆಳ್ಳನೆ ಮಗಳು ಅಂದ್ರೆ ಹಿಂದೆ ಎಲ್ಲೋ ಬಿಳಿ ಗಂಡಸೊಬ್ಬ ಇದ್ದ ಅಂತಾಯ್ತಲ್ಲ. ತೋಟಗಳ ಧಣಿಗಳು ಗುಲಾಮ ಹೆಂಗಸರಿಗೆ ಮಾಡಿದ್ದು ಇಡೀ ದೇಶಕ್ಕೆ ಗೊತ್ತಿತ್ತು. ಪರದೆ ಮೇಲೆ ಮಾತ್ರ ಬರಬಾರದು.

ಕೆಲಸದವಳ ಪಾತ್ರಕ್ಕೆ ಫ್ರೆಡಿ ತೀರಾ ಬೆಳ್ಳಗಿದ್ದಳು, ನಾಯಕಿ ಪಾತ್ರಕ್ಕೆ ಕಪ್ಪು ಜನಾಂಗದವಳು. 1937ರ ನಂತರ ಸಿನಿಮಾನೇ ಸಿಗಲಿಲ್ಲ. ಅದೇ ವರ್ಷ ಕಪ್ಪು ಕಲಾವಿದರ ಸಂಘ ಕಟ್ಟೋದ್ರಲ್ಲಿ ಮುಂದೆ ನಿಂತಳು, ಆಮೇಲೆ 'ಪೀಪಲ್ಸ್ ವಾಯ್ಸ್' ಪತ್ರಿಕೆಗೆ ಬರೆದಳು.

ಇಂಥ ಕತೆಗೆ ಮಾರುಕಟ್ಟೆ ಮಾತ್ರ ಮುಗಿದಿರಲಿಲ್ಲ. 1949ರ 'ಪಿಂಕಿ'ಯಲ್ಲಿ ಬೆಳ್ಳನೆ ಕಪ್ಪು ಹುಡುಗಿಯ ಪಾತ್ರ ಬಿಳಿ ನಟಿ ಜೀನ್ ಕ್ರೇನ್‌ಗೆ ಹೋಯ್ತು. 1959ರಲ್ಲಿ ಡಗ್ಲಸ್ ಸರ್ಕ್ 'ಇಮಿಟೇಶನ್ ಆಫ್ ಲೈಫ್' ಮತ್ತೆ ತೆಗೆದಾಗ ಮಗಳ ಪಾತ್ರ ಸೂಸನ್ ಕೋನರ್‌ಗೆ. ಆಕೆಯ ತಾಯಿ ಮೆಕ್ಸಿಕೋದವರು, ತಂದೆ ಯುರೋಪಿನ ಯಹೂದಿ. ಇಬ್ಬರಿಗೂ ಆಸ್ಕರ್ ನಾಮನಿರ್ದೇಶನ ಸಿಕ್ಕಿತು. ಆ ಹೊತ್ತಿಗೆ ಫ್ರೆಡಿಗೆ 55 ವರ್ಷ.