ರಣದಲ್ಲಿ ಹುಗಿದ ಗಾಲಿ

ಗದುಗಿನ ಕುಮಾರವ್ಯಾಸನ ಭಾರತವನ್ನು ಗಮಕಿಗಳ ಬಾಯಿಂದ ಕೇಳಿದವರು ಕರ್ಣನ ಕೊನೆಯ ಗಳಿಗೆಯನ್ನು ಮರೆಯಲಾರರು. ಬಿಲ್ಲಿಗೆ ಕೊರತೆಯಿಲ್ಲ, ತೋಳಿನ ಬಲವೂ ಕುಂದಿಲ್ಲ. ಆದರೆ ರಥದ ಗಾಲಿ ನೆಲದಲ್ಲಿ ಹುಗಿಯಿತು. ಅದನ್ನು ಎತ್ತಲು ಬಿಲ್ಲನ್ನು ಬಿಟ್ಟು ಆತನೇ ಕೆಳಗಿಳಿಯಬೇಕಾಯಿತು. ಗಾಲಿ ಎತ್ತಲು ಇನ್ನೊಬ್ಬನಿದ್ದಿದ್ದರೆ ಎಂದು ಕೇಳುವವರ ಮನಸ್ಸು ಮಿಡುಕುತ್ತದೆ. ಈ ಕಾಲದ ಯುದ್ಧಗಳಲ್ಲಿ ಆ ಇನ್ನೊಬ್ಬನು ಹೇಗೆ ಹುಟ್ಟಿಬಂದನೆಂಬುದನ್ನು ಇಲ್ಲಿ ನೋಡೋಣ.

ಮುಂಡರಗಿ ತಾಲೂಕಿನ ಹಿರೇವಡ್ಡಟ್ಟಿಯ ಸೀಮೆಯವರಿಗೆ, ಮಳೆ ಹಿಡಿದಾಗ ಎರೆನೆಲ ಏನು ಮಾಡುತ್ತದೆಂಬುದನ್ನು ಹೇಳಬೇಕಾಗಿಲ್ಲ. ಹೇರು ತುಂಬಿದ ಚಕ್ಕಡಿ ಅಚ್ಚಿನವರೆಗೆ ಇಳಿದರೆ ಅದರ ಎತ್ತುಗಳಿಂದಲೇ ಅದು ಮೇಲೇಳದು. ಇನ್ನೊಂದು ಜೋಡಿ ಎತ್ತು ತರಬೇಕು. ಆ ಎತ್ತು ಗಟ್ಟಿ ನೆಲದಲ್ಲಿ ಕಾಲೂರಿ ಜಗ್ಗಬೇಕು. ಗಾಲಿಯ ಮುಂದಿನ ಮಣ್ಣು ತೋಡಿ ದಾರಿ ಮಾಡಿಕೊಡಬೇಕು. ಈ ಮೂರು ಮಾತುಗಳನ್ನು ತಾವು ನೆನಪಿನಲ್ಲಿಡಿರಿ. ಕೆಟ್ಟು ನಿಂತ ಟ್ಯಾಂಕನ್ನು ಎಳೆದು ತರುವ ವಿದ್ಯೆಯೆಲ್ಲ ಇವುಗಳ ಮೇಲೆಯೇ ನಿಂತಿದೆ. ಆದರೆ ಟ್ಯಾಂಕಿನ ತೂಕ 40 ಟನ್ನಿಗೂ ಮಿಕ್ಕಿದ್ದು. ಅಲ್ಲದೆ ಹೊಲದಲ್ಲಿ ಚಕ್ಕಡಿ ಎಬ್ಬಿಸುವವನ ಮೇಲೆ ಯಾರೂ ಗುಂಡು ಹಾರಿಸುವುದಿಲ್ಲ.

ಟ್ಯಾಂಕು ಮೊದಲು ಯುದ್ಧಕ್ಕಿಳಿದದ್ದು 1916ರ ಸೆಪ್ಟೆಂಬರ್ 15ರಂದು, ಫ್ರಾನ್ಸಿನ ಸೋಮ್ ರಣಭೂಮಿಯಲ್ಲಿ. ಅಂದೇ ಒಂದು ಸತ್ಯ ಗೋಚರಿಸಿತು. ಶತ್ರುವಿನ ಗುಂಡಿಗೆ ಸಿಕ್ಕವುಗಳಷ್ಟೇ ಅಲ್ಲ, ಯಂತ್ರ ಕೆಟ್ಟು ನಿಂತವು, ಹೊಂಡದಲ್ಲಿ ಸಿಕ್ಕಿಕೊಂಡವು ಕೂಡ ಅನೇಕವಿದ್ದವು. ಮರುವರ್ಷ ಬೆಲ್ಜಿಯಂನ ಈಪ್ರ್ ಪಟ್ಟಣದ ಸುತ್ತಿನ ಕೆಸರು ಎಷ್ಟೋ ಟ್ಯಾಂಕುಗಳನ್ನು ನುಂಗಿತು. ಆಗ ಬ್ರಿಟಿಷರು ಇದಕ್ಕಾಗಿಯೇ ಪ್ರತ್ಯೇಕ ತುಕಡಿಗಳನ್ನು ಕಟ್ಟಿದರು. ಸಲಿಕೆ, ಜಾಕು, ಉಕ್ಕಿನ ಹಗ್ಗಗಳೇ ಅವರ ಆಯುಧ. ಹಳೆಯ ಟ್ಯಾಂಕುಗಳಿಗೆ ಕ್ರೇನು ಕೂಡಿಸಿ ಈ ಕೆಲಸಕ್ಕೆ ಹಚ್ಚಿದ್ದೂ ಆ ಯುದ್ಧದಲ್ಲಿಯೇ.

ಎರಡನೆಯ ಮಹಾಯುದ್ಧದಲ್ಲಿ ಟ್ಯಾಂಕಿನ ತೂಕ ಹೆಚ್ಚಿದಂತೆ ಈ ಸಮಸ್ಯೆಯೂ ಹೆಚ್ಚಿತು. 1943ರ ಜುಲೈ ತಿಂಗಳಲ್ಲಿ ರಷ್ಯದ ಕುರ್ಸ್ಕ್ ಕದನಕ್ಕೆ ಜರ್ಮನರು 200 ಹೊಸ ಪ್ಯಾಂಥರ್ ಟ್ಯಾಂಕುಗಳನ್ನು ತಂದರು. ಕದನ ಮೊದಲಾದದ್ದು 5ನೆಯ ತಾರೀಖು. 10ನೆಯ ತಾರೀಖಿನ ಸಂಜೆಗೆ ಮುಂಚೂಣಿಯಲ್ಲಿ ಕಾದಲು ಉಳಿದವು 10 ಮಾತ್ರ! ಮಿಕ್ಕವೆಲ್ಲ ನಾಶವಾದವೇ? ಇಲ್ಲ. ಬಹುಪಾಲು ಟ್ಯಾಂಕುಗಳು ಸಿಡಿಗುಂಡಿಗೆ ಪಟ್ಟಿ ಹರಿದು, ಎಂಜಿನ್ ಕೆಟ್ಟು, ದುರಸ್ತಿಗಾಗಿ ಕಾದಿದ್ದವು. ಆಗಸ್ಟ್‌ನಲ್ಲಿ ಸೈನ್ಯ ಹಿಮ್ಮೆಟ್ಟಿದಾಗ, ಎಳೆದೊಯ್ಯಲಾಗದ ಹಲವನ್ನು ಅಲ್ಲಿಯೇ ಬಿಟ್ಟುಹೋಗಬೇಕಾಯಿತು. ರಿಪೇರಿಯಾದರೆ ಮತ್ತೆ ಓಡಬಲ್ಲ ಟ್ಯಾಂಕು ಹೀಗೆ ಶತ್ರುವಿನ ಸೊತ್ತಾಯಿತು.

ಅದೇ ವರ್ಷ ಜರ್ಮನರು ಪ್ಯಾಂಥರ್ ಟ್ಯಾಂಕಿನ ಗೋಪುರವನ್ನೂ ತೋಪನ್ನೂ ತೆಗೆದು, ಅದರ ಒಡಲಿನಲ್ಲಿ 40 ಟನ್ ಬಲದಿಂದ ಎಳೆಯುವ ರಾಟೆಯನ್ನು ಕೂಡಿಸಿದರು. ಹಿಂಬದಿಗೆ ಅಗಲವಾದ ಉಕ್ಕಿನ ಸಲಿಕೆ. ಎಳೆಯುವಾಗ ಅದು ನೆಲದಲ್ಲಿ ಊರಿಕೊಳ್ಳುತ್ತದೆ; ಇಲ್ಲದಿದ್ದರೆ ಎಳೆಯುವ ಗಾಡಿಯೇ ಹುಗಿದ ಗಾಡಿಯ ಕಡೆಗೆ ಸರಿದುಹೋದೀತು. ಕಾಲೂರಿ ನಿಂತ ಎತ್ತಿನ ಯುಕ್ತಿಯೇ ಇದು. ಬ್ರಿಟಿಷರೂ ಅಮೆರಿಕನರೂ ತಮ್ಮ ಚರ್ಚಿಲ್, ಶೆರ್ಮನ್ ಟ್ಯಾಂಕುಗಳಿಂದ ಇಂಥವನ್ನೇ ಸಿದ್ಧಮಾಡಿದರು.

ನಮ್ಮ ದೇಶದಲ್ಲಿಯೂ ಸೈನ್ಯದ ಯಂತ್ರಗಳನ್ನು ನೋಡಿಕೊಳ್ಳುವ ಎಂಜಿನಿಯರುಗಳ ದಳ, ಇಂದು ಇ.ಎಂ.ಇ. ಎಂದು ಕರೆಯಲ್ಪಡುವುದು, 1943ರಲ್ಲಿಯೇ ಹುಟ್ಟಿತು. ರಣದಿಂದ ಟ್ಯಾಂಕುಗಳನ್ನು ಎಳೆದು ತರುವ ಹೊಣೆ ಅದರದೇ. 1965ರ ಸೆಪ್ಟೆಂಬರ್‌ನಲ್ಲಿ ಪಂಜಾಬಿನ ಖೇಮ್‌ಕರಣದ ಬಳಿ, ಅಸಲ್ ಉತ್ತರದಲ್ಲಿ ನಡೆದ ಕಾಳಗವನ್ನು ತಾವು ಕೇಳಿರಬಹುದು. ನಮ್ಮವರು ಹೊಲಗಳಿಗೆ ನೀರು ನುಗ್ಗಿಸಿ, ಕಬ್ಬಿನ ಮರೆಯಲ್ಲಿ ಕಾದು ಕುಳಿತರು. 45 ಟನ್ನಿಗೂ ಮಿಕ್ಕಿದ ಪ್ಯಾಟನ್ ಟ್ಯಾಂಕುಗಳು ಹಸಿ ನೆಲದಲ್ಲಿ ಹುಗಿದು ನಿಂತವು. ಭಾರತದ ಲೆಕ್ಕದಂತೆ ಪಾಕಿಸ್ತಾನವು ಅಲ್ಲಿ ಕಳೆದುಕೊಂಡ ಟ್ಯಾಂಕುಗಳು 97. ಓಡುವ ಸ್ಥಿತಿಯಲ್ಲಿದ್ದು ಕೈಬಿಟ್ಟವೂ ಅವುಗಳಲ್ಲಿದ್ದವು. ನೆಲ ನಮ್ಮ ಕೈಯಲ್ಲಿ ಉಳಿದದ್ದರಿಂದ ಅವನ್ನು ಎಳೆದುಕೊಳ್ಳುವ ಅವಕಾಶವೂ ನಮ್ಮದಾಯಿತು. ಟ್ಯಾಂಕು ಕೆಟ್ಟುನಿಂತರೆ ಅರ್ಧ ಸೋಲು. ಅದನ್ನು ಬಿಟ್ಟುಬಂದರೆ ಪೂರ್ತಿ ಸೋಲು.

ಈ ಚರಿತ್ರೆಯ ಒಂದು ಅಧ್ಯಾಯ ನಮ್ಮ ಕನ್ನಡ ನಾಡಿನದು. 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಭಾರತ್ ಅರ್ಥ್ ಮೂವರ್ಸ್ ಸಂಸ್ಥೆಯು, ಕೋಲಾರ ಚಿನ್ನದ ಗಣಿ ಪ್ರದೇಶದ ತನ್ನ ಕಾರ್ಖಾನೆಯಲ್ಲಿ ಪೋಲೆಂಡಿನ ಸಹಯೋಗದಿಂದ ಇಂಥ ವಾಹನಗಳನ್ನು ತಯಾರಿಸಿಕೊಟ್ಟಿದೆ. ಟಿ-72 ಟ್ಯಾಂಕಿನದೇ ಒಡಲು ಮತ್ತು ಪಟ್ಟಿ. ಗೋಪುರದ ಬದಲು ಕ್ರೇನು. ಮುಂದೆ ಬುಲ್‌ಡೋಜರಿನಂಥ ಅಲಗು. ಒಳಗೆ ಉಕ್ಕಿನ ಹಗ್ಗ ಸುತ್ತಿದ ರಾಟೆ. ಅಲಗು ಮಣ್ಣನ್ನೂ ತೋಡುತ್ತದೆ, ನೆಲಕ್ಕೂ ಊರಿಕೊಳ್ಳುತ್ತದೆ. ಹುಗಿದ ಟ್ಯಾಂಕಿಗೆ ಒಂದು ಗಾಲಿರಾಟೆ ಕಟ್ಟಿ, ಹಗ್ಗವನ್ನು ಅದರ ಮೇಲೆ ಹಾಯಿಸಿ ಹಿಂದಕ್ಕೆ ತಂದು ಬಿಗಿದರೆ ಎಳೆತ ಇಮ್ಮಡಿಯಾಗುತ್ತದೆ, ವೇಗ ಅರ್ಧವಾಗುತ್ತದೆ. 3 ಕಿಲೋಮೀಟರಿಗೂ ಮಿಕ್ಕ ಆಳದವರೆಗೆ ಇಳಿದಿದ್ದ ಆ ಗಣಿಗಳು 2001ರಲ್ಲಿ ಮುಚ್ಚಿದವು. ರಾಟೆಯ ಹಗ್ಗದಿಂದ ಅದಿರನ್ನೂ ಆಳನ್ನೂ ಮೇಲೆತ್ತಿದ ಊರು, ರಣದಲ್ಲಿ ಟ್ಯಾಂಕನ್ನು ಮೇಲೆತ್ತುವ ಯಂತ್ರಕ್ಕೂ ತವರಾದದ್ದು ಎಷ್ಟು ಒಪ್ಪುವ ಮಾತು!

ಇನ್ನೊಂದು ಸಂಗತಿ. ಎಳೆಯುವ ಗಾಡಿಗೆ ಕವಚವಿದ್ದರೂ, ಉಕ್ಕಿನ ಹಗ್ಗದ ಕೊಂಡಿಯನ್ನು ತೊಡಿಸಲು ಒಬ್ಬ ಸಿಪಾಯಿ ಹೊರಗಿಳಿಯಲೇಬೇಕಾದ ಪ್ರಸಂಗಗಳುಂಟು. ಅವನ ಕೈಯಲ್ಲಿ ಆಗ ಕೋವಿಯಿಲ್ಲ, ಹಗ್ಗವಿದೆ. ಸಿಕ್ಕಿಬಿದ್ದ ಟ್ಯಾಂಕಿನೊಳಗೆ ಮೂರು ನಾಲ್ಕು ಜೀವಗಳು ಅವನ ಹಾದಿ ಕಾಯುತ್ತಿರುತ್ತವೆ. ಗೆದ್ದ ಸೇನಾಪತಿಯ ಹೆಸರು, ಪದಕ ಪಡೆದ ವೀರನ ಹೆಸರು ಬಾನುಲಿಯಲ್ಲಿ ಬಂದಾಗ ನಾವು ಹೆಮ್ಮೆಯಿಂದ ಕೇಳುತ್ತೇವೆ, ಕೇಳಲೂ ಬೇಕು. ಕೊಂಡಿ ತೊಡಿಸಿದವನ ಹೆಸರು ಬಹುಮಟ್ಟಿಗೆ ಬರುವುದೇ ಇಲ್ಲ. ಆದರೆ ಮರುದಿನದ ಕಾಳಗಕ್ಕೆ ಎಷ್ಟು ಟ್ಯಾಂಕುಗಳು ನಿಲ್ಲಬಲ್ಲವೆಂಬುದು ಹಿಂದಿನ ರಾತ್ರಿ ಅವನು ಮಾಡಿದ ಕೆಲಸವನ್ನು ಅವಲಂಬಿಸಿರುತ್ತದೆ.